ಸೋಮವಾರ ನೊಗವಿಲ್ಲ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಮುಸರತ ಸೀನಿದರೂ ಸಾಕು, ಎದುರಿಗಿದ್ದವರಿಗೆ ಬೈಗುಳ ತಾಗುತ್ತದೆ ಎಂದು ನಮ್ಮ ಅಬ್ಬಾ ಕಮಾಲಸಾಬರು ನಗುತ್ತಿದ್ದರು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು ಅವರು. ಅವರು ತೀರಿಕೊಂಡ ಮೇಲೆ ಅದೇ ಅಂಗಡಿಯಲ್ಲಿ, ಅದೇ ಸ್ಟೂಲಿನ ಮೇಲೆ ಕೂತು ನಾನು ಮೊಬೈಲ್ ರಿಪೇರಿ ಶುರು ಮಾಡಿದೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದದ್ದನ್ನು ನೋಡಲು ಮೊದಮೊದಲು ಸುಮ್ಮನೆ ನಿಲ್ಲುವವರಿದ್ದರು. ಆಮೇಲೆ ಅವರೂ ತಮ್ಮ ಕೆಟ್ಟ ಫೋನು ತಂದರು.

ನಾನು ಹೇಳುತ್ತಿರುವುದು ಎರಡು ಸಾವಿರದ ಎಂಟನೇ ಇಸವಿಯ ಮಾತು. ಆಗ ನನಗೆ ಮೂವತ್ತೊಂದು. ಅಮ್ಮಿ ಇರಲಿಲ್ಲ, ಮದುವೆ ಎರಡು ಸಲ ಗೊತ್ತಾಗಿ ಎರಡು ಸಲವೂ ತಪ್ಪಿತ್ತು. ಅಣ್ಣ ಮುಜೀಬ ಹೊಸಪೇಟೆಯಲ್ಲಿದ್ದ. ಯುಗಾದಿಯೊಳಗೆ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದುಬಿಡು, ಒಬ್ಬಳೇ ಎಷ್ಟು ದಿನ ಇರುತ್ತೀ ಎಂದು ಪ್ರತಿ ವಾರ ಹೇಳುತ್ತಿದ್ದ. ಅತ್ತಿಗೆ ಶಬ್ನಮ್ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ನಾನು ಮಕ್ಕಳಿಗೆ ಅತ್ತೆ, ಅಡುಗೆಮನೆಗೆ ಎರಡು ಕೈ, ಅಷ್ಟೇ ಆಗುತ್ತಿದ್ದೆ. ಕೊಟ್ಟೂರಿನಲ್ಲಿ ಒಂಟಿಯಾಗಿದ್ದರೂ ನಾನು ನಾನಾಗಿದ್ದೆ. ಅಂಗಡಿ ಉಳಿಯಬೇಕೆಂದರೆ ರಿಪೇರಿ ಕೆಲಸ ಒಂದೇ ಸಾಲುತ್ತಿರಲಿಲ್ಲ, ಬೇರೆ ಏನಾದರೂ ಬೇಕಿತ್ತು.

ಆ ಬೇರೆ ಏನೋ ಒಂದನ್ನು ನಾನೇ ಮಾಡಿದೆ. ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಸೆಂಟರಿಗೆ ಒಂದು ವರ್ಷ ಬಸ್ಸಿನಲ್ಲಿ ಓಡಾಡಿ ಪ್ರೋಗ್ರಾಂ ಬರೆಯುವುದು ಕಲಿತಿದ್ದೆ. ಫೋನಿನೊಳಗೆ ಹಾಕುವ ಪ್ರೋಗ್ರಾಂ ಬರೆಯಲು ಬರುವವರು ನಮ್ಮ ಕಡೆ ಆಗ ಯಾರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ನಾನೇ ಇಂಜಿನಿಯರ್. ನಾನು ಬರೆದದ್ದಕ್ಕೆ ‘ಕರೆಂಟು’ ಎಂದು ಹೆಸರಿಟ್ಟೆ. ಹೊಲದ ಮೋಟರ್ ಶೆಡ್ಡಿನಲ್ಲಿ ಒಂದು ಹಳೇ ಫೋನನ್ನು ಚಾರ್ಜರಿಗೆ ಹಾಕಿ ತೂಗುಹಾಕುವುದು. ತ್ರೀ ಫೇಸ್ ಕರೆಂಟು ಬಂತೆಂದರೆ ಫೋನ್ ಚಾರ್ಜ್ ಆಗಲು ಶುರುವಾಗುತ್ತದೆ. ಒಳಗೆ ಕೂತ ನನ್ನ ಪ್ರೋಗ್ರಾಂ ಅದನ್ನು ಹಿಡಿದು ಹೊಲದ ಯಜಮಾನನ ಫೋನಿಗೆ ಒಂದು ಮಿಸ್ ಕಾಲ್ ಕೊಡುತ್ತದೆ. ಅವನು ಹೋಗಿ ಮೋಟರ್ ಹಾಕುತ್ತಾನೆ. ಇಲ್ಲದಿದ್ದರೆ ಕರೆಂಟಿನ ದಾರಿ ಕಾಯುತ್ತಾ ಶೆಡ್ಡಿನಲ್ಲೇ ಬಿದ್ದಿರಬೇಕು.

ಕೇಳಲು ಸುಲಭ. ಕಷ್ಟ ಇದ್ದದ್ದು ಪ್ರೋಗ್ರಾಂ ಸಾಯದಂತೆ ನೋಡಿಕೊಳ್ಳುವುದರಲ್ಲಿ. ತೆರೆಯ ಮೇಲೆ ಕಾಣದೆ, ಹಿಂದೆ ಕೂತು, ತಿಂಗಳುಗಟ್ಟಲೆ ದುಡಿಯಬೇಕು. ಆ ಕಾಲದ ಫೋನುಗಳೋ, ಮೆಮೊರಿಯ ಜಾಗ ಸ್ವಲ್ಪ ಕಡಿಮೆಯಾದರೆ ಸಾಕು, ಹಿಂದೆ ಕೂತವರನ್ನೇ ಮೊದಲು ಕತ್ತು ಹಿಡಿದು ಹೊರಗೆ ಹಾಕುತ್ತಿದ್ದವು. ಆರು ತಿಂಗಳು ಅದರ ಜೊತೆ ಗುದ್ದಾಡಿದೆ. ಬ್ಯಾಟರಿ ತಿನ್ನದಂತೆ ಅದನ್ನು ಮಲಗಿಸಿದೆ, ಬೇಕಾದಾಗ ಮಾತ್ರ ಎಬ್ಬಿಸಿದೆ. ಬದುಕಿದೆಯೋ ಇಲ್ಲವೋ ನನಗೆ ಗೊತ್ತಾಗಲಿ ಎಂದು ದಿನಾ ಸಂಜೆ ಆರಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬರುವಂತೆ ಮಾಡಿದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಕನ್ನಡ ಪದ: ‘ನಡೀತೈತಿ.’

ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಪಾಲಾಕ್ಷಪ್ಪನವರಿಗೆ ಇದನ್ನು ತೋರಿಸಿದೆ. ಅವರು ಆಸೆಯನ್ನೂ ತೋರಿಸಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಯಾವುದಾದರೂ ನಿಜವಾದ ಹೊಲದಲ್ಲಿ ಮೂವತ್ತು ದಿನ ಒಂದು ದಿನವೂ ತಪ್ಪದೆ ನಡೆಯಲಿ, ಮೂವತ್ತು ಮೆಸೇಜ್ ತಂದು ತೋರಿಸು, ಆಮೇಲೆ ನಾನು ಮಾರುವ ಪ್ರತಿ ಮೋಟರಿನ ಜೊತೆ ನಿನ್ನದೂ ಹೋಗುತ್ತದೆ ಎಂದರು. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ. ನನ್ನ ಅಂಗಡಿ ಉಳಿಯುವುದು ಆ ಮೂವತ್ತು ದಿನದ ಮೇಲೆ ನಿಂತಿತು.

ಹೊಲ ಕೊಟ್ಟವರು ಗುಡೇಕೋಟೆಯ ಮರುಳಪ್ಪಜ್ಜ. ಒಮ್ಮೆ ತಮ್ಮ ಫೋನಿನ ಗುಂಡಿ ಕಿತ್ತುಹೋಯಿತೆಂದು ಅಂಗಡಿಗೆ ಬಂದಿದ್ದರು. ಅರವತ್ತೈದರ ಆಚೆಯ ಗಟ್ಟಿ ಜೀವ, ಹಣೆ ತುಂಬ ವಿಭೂತಿ. ಹೆಂಡತಿ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ಊರೊಳಗೆ ಮನೆ, ಎರಡು ಮೈಲಿ ಆಚೆ ಕಲ್ಲುಗುಡ್ಡದ ಕೆಳಗೆ ಹೊಲ, ಬೋರು, ಕೆಂಚ ಮತ್ತು ಬೂದ್ಯಾ ಎಂಬ ಎರಡು ಎತ್ತು. ಈ ಕರೆಂಟಿನ ಸಲುವಾಗಿ ನಡೆದು ನಡೆದು ಕಾಲು ಸವೆದವು ಎಂದು ಗೊಣಗುತ್ತಿದ್ದರು. ನಾನೇ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಹೋಗಿ, ಶೆಡ್ಡಿನ ಸ್ಟಾರ್ಟರ್ ಬೋರ್ಡಿನ ಪಕ್ಕದ ಗೂಟಕ್ಕೆ ಫೋನ್ ನೇತುಹಾಕಿ ಬಂದೆ.

ತೂಗುಹಾಕಿ ಸುಮ್ಮನೆ ಬಂದಿದ್ದರೆ ಆಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ಜಂಬ ಕೊಚ್ಚಿಕೊಂಡೆ. ಇದು ಕಾಣುವುದಿಲ್ಲ, ಆದರೆ ಒಳಗೆ ಹಗಲೂ ರಾತ್ರಿ ನಿಮ್ಮ ಸಲುವಾಗಿ ದುಡಿಯುತ್ತಲೇ ಇರುತ್ತದೆ, ಒಂದು ಗಳಿಗೆಯೂ ಕೂರುವುದಿಲ್ಲ ಎಂದೆ. ಅಜ್ಜ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇದನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದರು. ಅದೂ ಬೇಕಾಗಬಹುದೆಂದು ನಾನು ‘ನಿಲ್ಲಿಸು’, ‘ನಡೆಸು’ ಎಂದು ಎರಡು ಗುಂಡಿ ಇಟ್ಟಿದ್ದೆ. ತೋರಿಸಿದೆ.

ಐದು ದಿನ ಮೆಸೇಜ್ ಬಂತು. ಆರನೆಯ ದಿನ, ಸೋಮವಾರ, ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊದಲು ಫೋನನ್ನು ಬೈದೆ, ಆಮೇಲೆ ಟವರನ್ನು ಬೈದೆ, ಕೊನೆಗೆ ಆರೂಕಾಲಿಗೆ ಅಜ್ಜನಿಗೆ ಫೋನ್ ಮಾಡಿದೆ. ಅವರು ತಣ್ಣಗೆ, ತಾವೇ ಬೆಳಿಗ್ಗೆ ಹೋಗಿ ನಿಲ್ಲಿಸಿ ಬಂದದ್ದಾಗಿ ಹೇಳಿದರು.

“ಸೋಮವಾರ ಬಸವಣ್ಣಗ ನೊಗ ಹೂಡಂಗಿಲ್ಲ ಯವ್ವಾ. ನಮ್ಮಪ್ಪನ ಕಾಲದಿಂದ ಹೂಡಿಲ್ಲ. ಇದು ಹಗಲೂ ರಾತ್ರಿ ದುಡೀತೈತಿ ಅಂತ ನೀನ ಹೇಳಿದಿ. ವಾರಕ್ಕೊಂದು ದಿನ ಇದಕ್ಕೂ ಬ್ಯಾಡೇನು?”

ಅದು ಎತ್ತಲ್ಲ, ಅದಕ್ಕೆ ಹೊಟ್ಟೆಯಿಲ್ಲ, ಬೆನ್ನಿಲ್ಲ, ದಣಿವಿಲ್ಲ ಎಂದು ಕೂಗಾಡಿದೆ. ಅಜ್ಜ ಎಲ್ಲ ಕೇಳಿಸಿಕೊಂಡರು. ದುಡಿಯೋದು ಅಂದ ಮ್ಯಾಲ ದುಡಿಯೋದ ಅಲ್ಲೇನು ಎಂದರು. ಆಮೇಲೆ ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದರು. ಸಿಟ್ಟಿನಲ್ಲಿ ಏನೂ ಮಾಡಿಲ್ಲ ಎಂದು ಫೋನ್ ಇಟ್ಟೆ.

ಮಂಗಳವಾರ ಮತ್ತೆ ಒಂದರಿಂದ. ಮುಂದಿನ ಸೋಮವಾರ ಮತ್ತೆ ಸೊನ್ನೆ. ಒಟ್ಟು ಐದು ಸೋಮವಾರ ಹೀಗಾಯಿತು, ಐದು ಸೋಮವಾರವೂ ಆರೂಕಾಲಿಗೆ ಫೋನ್ ಮಾಡಿ ಬೈದೆ. ಬೇರೆ ಹೊಲ ಹುಡುಕಬಹುದಿತ್ತು. ಹುಡುಕಲಿಲ್ಲ. ಯಾಕೆ ಎಂದು ಆಗ ನನ್ನನ್ನು ಕೇಳಿದ್ದರೆ ಅದಕ್ಕೂ ಸಿಟ್ಟು ಬರುತ್ತಿತ್ತು. ಬೈಗುಳ ಎರಡು ನಿಮಿಷದ್ದು, ಆಮೇಲಿನ ಮಾತು ಇಪ್ಪತ್ತು ನಿಮಿಷದ್ದು. ಬೂದ್ಯಾನ ಕೊಂಬಿಗೆ ಹುಳ ಬಿದ್ದದ್ದು, ಪಕ್ಕದ ಹೊಲದ ಕರಿಸಿದ್ದಪ್ಪನ ಬಾವಿಗೆ ಕರಡಿ ಬಿದ್ದದ್ದು, ನನ್ನ ಬೇಳೆ ಸೀದದ್ದು. ಫೋನ್ ಇಟ್ಟ ಮೇಲೆ ಅಂಗಡಿಯ ಷಟರ್ ಎಳೆಯುವಾಗ, ಉಳಿದ ದಿನಗಳ ಹಾಗೆ ಆ ಷಟರಿನ ಸದ್ದು ಎದೆಗೆ ಬಡಿಯುತ್ತಿರಲಿಲ್ಲ.

ಆದರೆ ಯುಗಾದಿ ಹತ್ತಿರ ಬರುತ್ತಿತ್ತು. ಮುಜೀಬ ಸಾಮಾನು ಒಯ್ಯಲು ಗಾಡಿಯನ್ನೂ ಮಾತಾಡಿಟ್ಟಿದ್ದ. ಆಗ ನಾನೊಂದು ಕೆಲಸ ಮಾಡಿದೆ. ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಈಗ ‘ನಿಲ್ಲಿಸು’ ಒತ್ತಿದರೆ ಅದು ತೆರೆಯಿಂದ ಮಾಯವಾಗುತ್ತದೆ, ನಿಲ್ಲುವುದಿಲ್ಲ. ಅಜ್ಜನಿಗೆ ಅನುಮಾನ ಬರಬಾರದೆಂದು ಆ ಹೊತ್ತು ಅವರಿಗೆ ಮಿಸ್ ಕಾಲ್ ಹೋಗದಂತೆ ಮಾಡಿದೆ. ಸಂಜೆ ಆರಕ್ಕೆ ನನಗೆ ಮಾತ್ರ ಮೆಸೇಜ್ ಬರುತ್ತದೆ. ಗುಂಡಿ ಒತ್ತಿದರೂ ಅದೇ ಪದ, ಒತ್ತದಿದ್ದರೂ ಅದೇ ಪದ. ಬರೆದು ಮುಗಿಸಿದಾಗ ಬಹಳ ಜಾಣತನದ ಕೆಲಸ ಎನಿಸಿತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಒಂದು ಬುಧವಾರ ಗುಡೇಕೋಟೆಗೆ ಹೋಗಿ ಅದನ್ನು ಹಾಕಿದೆ. ಸುಧಾರಿಸಿದ ಹೊಸದು, ಅಜ್ಜ, ಎಂದೆ. ಅವರು ನನಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟಿದ್ದರು. ನಾನು ಉಣ್ಣುವಾಗ ಅವರು ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಇದಕ್ಕೂ ಸೋಮವಾರ ಐತಿಲ್ಲೋ?” ಎಂದು ಕೇಳಿದರು.

“ಐತಿ ಅಜ್ಜ,” ಎಂದೆ. ಬಾಯಲ್ಲಿ ಅವರ ರೊಟ್ಟಿಯ ತುತ್ತಿತ್ತು.

ಎಣಿಕೆ ಆ ಬುಧವಾರದಿಂದ ಶುರುವಾಯಿತು. ಆರನೆಯ ದಿನ ಸೋಮವಾರ. ಸಂಜೆ ಆರಕ್ಕೆ ಸರಿಯಾಗಿ ಮೆಸೇಜ್ ಬಂತು: ‘ನಡೀತೈತಿ.’ ಕೈ ತಾನಾಗಿ ಅಜ್ಜನ ನಂಬರಿನ ಮೇಲೆ ಹೋಗಿತ್ತು, ತಡೆದೆ. ಏನೆಂದು ಫೋನ್ ಮಾಡುವುದು? ಬೈಯಲು ಕಾರಣವಿಲ್ಲ. ಕಾರಣವಿಲ್ಲದೆ ಫೋನ್ ಮಾಡುವಷ್ಟು ಹತ್ತಿರದವರೇನೂ ನಾವಲ್ಲ. ಮೇಲಾಗಿ ಮಾತಾಡಿದರೆ ನನ್ನ ಸುಳ್ಳು ಬಾಯಿಂದ ಉದುರಿಬಿಡುವ ಭಯ. ಹದಿಮೂರನೆಯ ದಿನವೂ ಹಾಗೆಯೇ, ಇಪ್ಪತ್ತನೆಯ ದಿನವೂ ಹಾಗೆಯೇ. ಮೂವತ್ತು ಮುಗಿಯಲಿ, ಬೂಂದಿ ಉಂಡಿ ತೆಗೆದುಕೊಂಡು ಹೋಗಿ ಎಲ್ಲ ಹೇಳಿ ಬೈಸಿಕೊಳ್ಳುತ್ತೇನೆ, ಈ ಸಲ ಅವರ ಸರದಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಪ್ಪತ್ತೇಳನೆಯ ದಿನ ನಾಲ್ಕನೆಯ ಸೋಮವಾರ. ಆ ಸಂಜೆ ಯಾರದೋ ಫೋನಿನ ಮೈಕ್ ಬದಲಿಸುತ್ತಿದ್ದೆ. ಮೆಸೇಜ್ ಬಂತು. ಕಡೆಯ ಸೋಮವಾರವೂ ದಾಟಿತು ಎಂದು ಖುಷಿಯಾಗಿ ಒಬ್ಬಳೇ ಚಹಾ ತರಿಸಿ ಕುಡಿದೆ.

ಗುರುವಾರಕ್ಕೆ ಮೂವತ್ತು ತುಂಬಿತು. ಶುಕ್ರವಾರ ಉಂಡಿಯ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ. ಗುಡೇಕೋಟೆಯಲ್ಲಿ ಇಳಿದು, ಊರ ಮನೆಗೆ ಹೋಗದೆ ನೇರ ಹೊಲದ ದಾರಿ ಹಿಡಿದೆ; ಆ ಹೊತ್ತಿಗೆ ಅಜ್ಜ ಅಲ್ಲೇ ಇರುತ್ತಾರೆಂದು ಗೊತ್ತಿತ್ತು. ಶೆಡ್ಡಿನ ಮುಂದೆ ಕೆಂಚ, ಬೂದ್ಯಾ ಕಟ್ಟಿದ್ದಲ್ಲೇ ಮೇಯುತ್ತಿದ್ದವು. ಮೇವು ಹಾಕುತ್ತಿದ್ದವರು ಅಜ್ಜನಲ್ಲ, ಪಕ್ಕದ ಹೊಲದ ಕರಿಸಿದ್ದಪ್ಪ.

ನಾನು ಯಾರೆಂದು ಹೇಳುವ ಮುಂಚೆಯೇ ಅವರು ನನ್ನ ಗುರುತು ಹಿಡಿದರು. ಹೆಗಲ ಮೇಲಿನ ಟವೆಲಿನಿಂದ ಕಟ್ಟೆ ಒರೆಸಿ ಕೂರಲು ಹೇಳಿದರು. ನಾನು ಕೂರಲಿಲ್ಲ.

“ಆತ ಹೋಗಿ ಮೂರು ದಿನಾತು ತಂಗಿ,” ಎಂದರು. “ಐತ್ವಾರ ಸಂಜಿಮುಂದ ಎತ್ತಿಗಿ ಮೇವು ಹಾಕಿ, ಶೆಡ್ಡಿನ ಹಿಂದ ಬಿದ್ದಾನ. ಲಕ್ವ ಹೊಡದಿತ್ತು. ಮಂಗಳವಾರ ಬೆಳಿಗ್ಗಿ ನಾನ ನೋಡಿದ್ದು. ಇನ್ನಾ ಜೀವ ಇತ್ತು. ಕೂಡ್ಲಿಗಿ ಮುಟ್ಟೋದ್ರಾಗ ಹೋದ.”

ಸೋಮವಾರ ಇಡೀ ದಿನ ಯಾರೂ ನೋಡಲಿಲ್ಲವೇ ಎಂದು ಕೇಳಿದೆ. ಕರಿಸಿದ್ದಪ್ಪ ತಲೆ ತಗ್ಗಿಸಿದರು. ಸೋಮವಾರ ಅಜ್ಜ ಹೊಲಕ್ಕೆ ಇಳಿಯುವುದಿಲ್ಲ, ಎತ್ತು ಬಿಚ್ಚುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಊರಲ್ಲಿದ್ದಾರೆಂದು ಹೊಲದವರು ಅಂದುಕೊಂಡರು, ಹೊಲದ ಕಟ್ಟೆಯ ಮೇಲಿದ್ದಾರೆಂದು ಊರವರು ಅಂದುಕೊಂಡರು. ಬೇರೆ ಯಾವ ದಿನವಾಗಿದ್ದರೂ ಒಂದು ಗಂಟೆಯಲ್ಲಿ ಯಾರಾದರೂ ಹುಡುಕಿಕೊಂಡು ಬರುತ್ತಿದ್ದರು ಎಂದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ಎತ್ತಿನ ಬೆನ್ನು ಸವರುತ್ತಾ ಮುಂದುವರಿಸಿದರು.

“ಸೋಮವಾರ ಸಂಜಿಗಿ ಈ ಕಟ್ಟಿ ಮ್ಯಾಲ ಫೋನ್ ಹಿಡಕೊಂಡು ಕುಂದ್ರತಿದ್ದ. ಈಗ ಕೊಟ್ಟೂರಾಕಿ ಬೈತಾಳ ನೋಡು ಅಂತಿದ್ದ, ನಗ್ತಿದ್ದ. ಆತಗ ಬ್ಯಾರೆ ಯಾರು ಫೋನ್ ಮಾಡೋರು? ಈಗ ಮೂರು ಸೋಮವಾರ ಬರಲಿಲ್ಲ. ಬಂದ್ ಮಾಡೀನಿ, ಆದರೂ ಆಕಿ ಯಾಕ ಬೈವಲ್ಲಳು, ಆರಾಮಿಲ್ಲೇನು ಅಂತ ನನ್ನ ಕೇಳಿದ. ನೀನ ಮಾಡಲ್ಲ ಅಂದೆ. ಸುಮ್ಮನ ಯಾಕ ಆಕಿ ಕೆಲಸ ಕೆಡಸಬೇಕು ಅಂದ.”

ಉಂಡಿಯ ಪೊಟ್ಟಣವನ್ನು ಅವರ ಕೈಗೆ ಕೊಟ್ಟು ಶೆಡ್ಡಿನೊಳಗೆ ಹೋದೆ. ಗೂಟಕ್ಕೆ ನನ್ನ ಫೋನ್ ನೇತಾಡುತ್ತಿತ್ತು. ಪಕ್ಕದ ಮೊಳೆಗೆ ಅಜ್ಜನ ಸಣ್ಣ ಫೋನನ್ನೂ ಯಾರೋ ಅಂಗಿಯ ಸಮೇತ ತೂಗುಹಾಕಿದ್ದರು, ಜೇಬಿನಲ್ಲಿ ಅದರ ಬೆನ್ನು ಕಾಣುತ್ತಿತ್ತು. ಗುಂಡಿ ಒತ್ತಿದ ಹೊತ್ತನ್ನೆಲ್ಲ ಬರೆದಿಡುವಂತೆ ನನ್ನ ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ಇತ್ತು, ನಾನು ಒಮ್ಮೆಯೂ ತೆರೆದಿರಲಿಲ್ಲ. ತೆರೆದೆ. ಮೊದಲ ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ ‘ನಿಲ್ಲಿಸು’. ಎರಡನೆಯದು ಆರೂ ಐದಕ್ಕೆ. ಮೂರನೆಯದು ಆರೂ ಹತ್ತಕ್ಕೆ. ಮಂಗಳವಾರಗಳಂದು ‘ನಡೆಸು’. ನಾಲ್ಕನೆಯ ಸೋಮವಾರದ ಮುಂದೆ ಏನೂ ಇರಲಿಲ್ಲ.

ಫೋನಿಗೆ ಗೊತ್ತಿತ್ತು. ಆ ದಿನ ಅಜ್ಜ ಬರಲಿಲ್ಲ ಎಂದು ಅದಕ್ಕೆ ಗೊತ್ತಿತ್ತು, ಅದು ನನಗೆ ಹೇಳದಂತೆ ಬಾಯಿ ಕಟ್ಟಿದವಳು ನಾನು. ಹಳೆಯ ಪ್ರೋಗ್ರಾಮೇ ಇದ್ದು, ಆ ಸೋಮವಾರ ಮೆಸೇಜ್ ಬಂದಿದ್ದರೆ, ಈ ಹಟಮಾರಿ ಮುದುಕ ಇವತ್ತು ಯಾಕೆ ನಿಲ್ಲಿಸಲಿಲ್ಲ ಎಂದು ಆ ಕ್ಷಣವೇ ಫೋನ್ ಮಾಡುತ್ತಿದ್ದೆ. ಎತ್ತದಿದ್ದರೆ ಊರು ಎಬ್ಬಿಸುತ್ತಿದ್ದೆ. ಗೋಡೆಯ ಆಚೆ ಅವರು ಜೀವ ಹಿಡಿದು ಮಲಗಿದ್ದಾಗ ನಾನು ಚಹಾ ಕುಡಿಯುತ್ತಿದ್ದೆ. ನಾಚಿಕೆ, ದುಃಖ ಎಂದು ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಗೋಡೆಗೆ ಹಣೆ ಒತ್ತಿ ಅತ್ತೆ. ಹೊರಗೆ ಕರಿಸಿದ್ದಪ್ಪ ಎತ್ತಿಗೆ ನೀರು ಕುಡಿಸುವ ಸದ್ದು ಕೇಳುತ್ತಿತ್ತು.

ಹೊರಡುವ ಮುಂಚೆ ಏನು ಮಾಡಬೇಕೋ ತಿಳಿಯದೆ ‘ನಿಲ್ಲಿಸು’ ಒತ್ತಿದೆ. ಅದು ತೆರೆಯಿಂದ ಮಾಯವಾಯಿತು. ಫೋನನ್ನು ಬಿಚ್ಚಿ ತರಲು ಕೈ ಬರಲಿಲ್ಲ, ಗೂಟದಲ್ಲೇ ಬಿಟ್ಟೆ.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನನ್ನ ಫೋನಿನಲ್ಲಿ ಮೂವತ್ತು ಮೆಸೇಜ್ ಇದ್ದವು, ಒಂದೂ ತಪ್ಪಿರಲಿಲ್ಲ. ಪಾಲಾಕ್ಷಪ್ಪನವರು ಎಣಿಸಿ ಒಪ್ಪಿಕೊಳ್ಳುತ್ತಿದ್ದರು, ಬೇರೆ ಏನೂ ಕೇಳುತ್ತಿರಲಿಲ್ಲ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ. ಆ ಎಣಿಕೆ ನಿಜವಲ್ಲ ಎಂದು ಅವರಿಗೆ ಹೇಳುತ್ತೇನೆ. ನಿಲ್ಲಿಸಿದರೂ ನಿಲ್ಲದ ಈ ವಸ್ತುವನ್ನು ಯಾರ ಶೆಡ್ಡಿಗೂ ಹಾಕುವುದಿಲ್ಲ. ಯುಗಾದಿಗೆ ಮುಜೀಬನ ಗಾಡಿ ಬರುತ್ತದೆ, ಬರಲಿ. ಸ್ಟೂಲನ್ನು ಮಾತ್ರ ನನ್ನ ಜೊತೆ ಒಯ್ಯುತ್ತೇನೆ.

ಕೊಟ್ಟೂರು ಇನ್ನೂ ಅರ್ಧ ಗಂಟೆ ಇರುವಾಗ ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು. ಗಂಟೆ ಆರು. ‘ನಡೀತೈತಿ.’

ನನ್ನ ಬೆರಳು ನನ್ನನ್ನು ಕೇಳದೆ ಅಜ್ಜನ ನಂಬರ್ ಒತ್ತಿತು. ಅತ್ತ ರಿಂಗ್ ಆಗತೊಡಗಿತು. ಖಾಲಿ ಶೆಡ್ಡಿನಲ್ಲಿ, ಮೊಳೆಗೆ ತೂಗುಹಾಕಿದ ಅಂಗಿಯ ಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿರಬೇಕು. ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಆಗಿನಿಂದಲೂ ನನ್ನ ಮುಖವನ್ನೇ ನೋಡುತ್ತಿದ್ದಳು.

“ಎತ್ತವಲ್ರೇನು?” ಎಂದಳು.

“ಇವತ್ತು ಶುಕ್ರವಾರ,” ಎಂದೆ. “ಅವರು ಸೋಮವಾರ ಎತ್ತತಾರ.”